ಡಾಕ್ಟರ್ ಫಾಸ್ಫರಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಯೆಲ್ಲಾ ಉರಿಯುತ್ತಾ ಓಡಾಡುವ ಈ ಮನುಷ್ಯನ ಬಗ್ಗೆ ನಾನು ಎಲ್ಲೇ ಮಾತೆತ್ತಿದರೂ ಪ್ರಶ್ನೆಗಳು ಶುರುವಾಗುತ್ತವೆ. ಕೇಳುವವರಲ್ಲಿ ಹಳೆಯ ಕಾಮಿಕ್ಸ್ ಓದಿದವರಿದ್ದಾರೆ, ಈಚಿನ ಆ್ಯನಿಮೇಷನ್ ಸರಣಿ ನೋಡಿ ಬಂದವರಿದ್ದಾರೆ, ರಸಾಯನಶಾಸ್ತ್ರ ಓದುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಕಥೆಯ ಗುಟ್ಟು ಬಿಟ್ಟುಕೊಡುವ ಕಡೆ ಮೊದಲೇ ಎಚ್ಚರಿಸಿದ್ದೇನೆ.

## ಮೊದಲ ಪರಿಚಯ

ಈ ಡಾಕ್ಟರ್ ಫಾಸ್ಫರಸ್ ಅಂದ್ರೆ ಯಾರು?

ಡಿಸಿ ಕಾಮಿಕ್ಸ್‌ನ ಒಬ್ಬ ಖಳ. ಬ್ಯಾಟ್‌ಮ್ಯಾನ್‌ನ ಎದುರಾಳಿ. ನಿಜವಾದ ಹೆಸರು ಅಲೆಕ್ಸಾಂಡರ್ ಸಾರ್ಟೋರಿಯಸ್. 'ಡಿಟೆಕ್ಟಿವ್ ಕಾಮಿಕ್ಸ್' ಪತ್ರಿಕೆಯ 469ನೇ ಸಂಚಿಕೆಯಲ್ಲಿ, ಅಂದರೆ 1977ರ ಮೇ ತಿಂಗಳ ಸಂಚಿಕೆಯಲ್ಲಿ, ಮೊದಲ ಬಾರಿ ಕಾಣಿಸಿಕೊಂಡ. ಕಥೆ ಬರೆದವರು ಸ್ಟೀವ್ ಎಂಗಲ್‌ಹಾರ್ಟ್, ಚಿತ್ರ ಬಿಡಿಸಿದವರು ವಾಲ್ಟ್ ಸೈಮನ್ಸನ್. ಹೊಳೆಯುವ ಮೈ, ಅದರೊಳಗಿಂದ ಎದ್ದು ಕಾಣುವ ತಲೆಬುರುಡೆ, ಮೈಯನ್ನು ಸುತ್ತಿದ ಬೆಂಕಿ. ಒಂದು ಸಲ ನೋಡಿದರೆ ಮರೆಯುವ ರೂಪವಲ್ಲ.

ಅವನು ಹೀಗೆ ಆಗಿದ್ದಾದ್ರೂ ಹೇಗೆ?

ದುರಾಸೆಯ ಒಂದು ಕೂಟದಿಂದ. ಬ್ಯಾಟ್‌ಮ್ಯಾನ್‌ನ ಊರಾದ ಗಾಥಮ್ ನಗರದಲ್ಲಿ ದೊಡ್ಡ ಮನುಷ್ಯರ ಒಂದು ಕ್ಲಬ್ ಇದೆ. ಅದರ ಯಜಮಾನ ರೂಪರ್ಟ್ ಥಾರ್ನ್. ಊರಿನ ರಾಜಕೀಯ ಅವನ ಮುಷ್ಟಿಯಲ್ಲಿದೆ. ಒಂದು ಅಣು ವಿದ್ಯುತ್ ಸ್ಥಾವರಕ್ಕೆ ದುಡ್ಡು ಹಾಕು, ಚೆನ್ನಾಗಿ ಲಾಭ ಬರುತ್ತದೆ ಎಂದು ಈ ಕೂಟ ಸಾರ್ಟೋರಿಯಸ್‌ನನ್ನು ಒಪ್ಪಿಸುತ್ತದೆ. ಅವನು ಹಾಕುತ್ತಾನೆ. ಜನ ವಿರೋಧಿಸಿದಾಗ ಸ್ಥಾವರ ನೆಲ ಬಿಟ್ಟು ಸಮುದ್ರಕ್ಕೆ ಹೋಗುತ್ತದೆ.

ಅಲ್ಲಿ ಅವನು ಇದ್ದಾಗಲೇ ರಿಯಾಕ್ಟರ್ ಒಡೆಯುತ್ತದೆ. ಜೀವ ಉಳಿಸಿಕೊಳ್ಳಲು ಮರಳಿನ ಚೀಲಗಳ ಹಿಂದೆ ಅಡಗುತ್ತಾನೆ. ಕಾದು ಕೆಂಪಾದ ಮರಳಿನ ಲಕ್ಷಗಟ್ಟಲೆ ಕಣಗಳು ಅವನ ಮೈಯೊಳಗೆ ನುಗ್ಗುತ್ತವೆ. ಮರಳಿನಲ್ಲಿರುವುದು ಸಿಲಿಕಾನ್. ಆವರ್ತ ಕೋಷ್ಟಕದಲ್ಲಿ ಅದರ ಸಂಖ್ಯೆ 14. ವಿಕಿರಣದ ಹೊಡೆತಕ್ಕೆ ಅದು ಒಂದು ಮೆಟ್ಟಿಲು ಮೇಲೇರಿ 15 ಆಗುತ್ತದೆ. 15 ಅಂದರೆ ಫಾಸ್ಫರಸ್, ಶಾಲೆಯ ಪುಸ್ತಕದಲ್ಲಿ ನಾವು ರಂಜಕ ಅಂತ ಓದಿದ್ದು. ಕಾಪಾಡಲಿ ಎಂದು ಯಾವುದರ ಹಿಂದೆ ಕೂತನೋ ಅದೇ ಮೈಸೇರಿ ಅವನನ್ನು ಸುಡತೊಡಗಿತು. ಕಾಮಿಕ್ಸ್‌ನ ಹುಟ್ಟುಕಥೆಗಳಲ್ಲಿ ಇಷ್ಟು ಬಿಗಿಯಾಗಿ ಕಟ್ಟಿದ್ದು ನಾನು ಜಾಸ್ತಿ ಓದಿಲ್ಲ.

'ಡಾಕ್ಟರ್' ಅಂತ ಸುಮ್ನೆ ಇಟ್ಟ ಹೆಸರಾ, ನಿಜವಾಗಿಯೂ ಡಾಕ್ಟರಾ?

ಮೂಲ ಕಾಮಿಕ್ಸ್‌ನಲ್ಲಿ ನಿಜವಾದ ವೈದ್ಯ. ಇದು ಚಿಕ್ಕ ವಿವರ ಅಂತ ಬಿಟ್ಟುಬಿಡಬೇಡಿ. ರೋಗಿಯ ನಾಡಿ ಹಿಡಿಯಬೇಕಾದ ಕೈ ಈಗ ಯಾರನ್ನು ಮುಟ್ಟಿದರೂ ಸುಡುತ್ತದೆ.

ಅವನ ಶಕ್ತಿ ಏನೇನು?

ಮೈ ಗಾಳಿಗೆ ತಾಗಿದರೆ ಸಾಕು, ಉರಿಯುತ್ತದೆ. ಮುಟ್ಟಿದ್ದನ್ನು ಸುಡುತ್ತಾನೆ. ಮೈಯಿಂದ ವಿಷದ ಹೊಗೆ ಏಳುತ್ತದೆ. ಹತ್ತಿರ ಹೋದವರಿಗೆ ವಿಕಿರಣ ತಗಲುತ್ತದೆ. ಕೆಲವು ಕಥೆಗಳಲ್ಲಿ ಬೆಂಕಿಯನ್ನು ದೂರಕ್ಕೆ ಎಸೆಯುತ್ತಾನೆ ಕೂಡ.

ಬೇಡ ಅಂದಾಗ ಅವನು ಅದನ್ನ ಆರಿಸಿಕೊಳ್ಳೋಕೆ ಆಗಲ್ವಾ?

ಮೂಲ ಕಥೆಗಳಲ್ಲಿ ಆಗಲ್ಲ. ನನಗೆ ಈ ಪಾತ್ರ ಹಿಡಿಸಿದ್ದೇ ಈ ಕಾರಣಕ್ಕೆ.

ನಮಗೆಲ್ಲ ಭಸ್ಮಾಸುರನ ಕಥೆ ಗೊತ್ತು. ಅವನು ತಪಸ್ಸು ಮಾಡಿ, ಕೇಳಿ ಪಡೆದ ವರ ಅದು. ಯಾರ ತಲೆ ಮೇಲೆ ಕೈ ಇಡಬೇಕು, ಯಾರ ತಲೆ ಮೇಲೆ ಇಡಬಾರದು ಎಂದು ಅವನೇ ಆರಿಸಬಹುದಿತ್ತು. ಸಾರ್ಟೋರಿಯಸ್‌ಗೆ ಆ ಆಯ್ಕೆ ಇಲ್ಲ. ಹಾಸಿಗೆ ಮೇಲೆ ಮಲಗಿದರೆ ಹಾಸಿಗೆ ಸುಡುತ್ತದೆ. ಮಗುವಿನ ಕೈ ಹಿಡಿದರೆ ಮಗು ಸುಡುತ್ತದೆ. ಅವನದು ಶಕ್ತಿ ಅಂತ ನಾವು ಕರೆಯುತ್ತೇವೆ. ಅವನ ಕಡೆಯಿಂದ ನೋಡಿದರೆ ಅದು ಮಾಯದ ಗಾಯ.

## ಕಥೆಗಳ ಬಗ್ಗೆ

ಮೊದಲ ಕಥೆಯಲ್ಲಿ ಏನಾಗುತ್ತೆ? ಚಿಕ್ಕದಾಗಿ ಹೇಳಿ.

ಎರಡು ಸಂಚಿಕೆಗಳ ಕಥೆ, 469 ಮತ್ತು 470. ತನ್ನ ಬದುಕು ಹಾಳಾದ ಸಿಟ್ಟನ್ನು ಅವನು ಇಡೀ ಊರಿನ ಮೇಲೆ ತೀರಿಸಿಕೊಳ್ಳಲು ಹೊರಡುತ್ತಾನೆ. ಗಾಥಮ್ ಜನ ಕುಡಿಯುವ ನೀರಿಗೇ ವಿಷ ಸೇರಿಸುತ್ತಾನೆ. ಬ್ಯಾಟ್‌ಮ್ಯಾನ್‌ಗೆ ಇವನನ್ನು ಕೈಯಿಂದ ಹಿಡಿಯುವುದೇ ಕಷ್ಟ. ಕೊನೆಗೆ ಎಲ್ಲಿ ಹುಟ್ಟಿದನೋ ಅಲ್ಲಿಗೇ, ಆ ರಿಯಾಕ್ಟರ್‌ಗೇ ಬೀಳುತ್ತಾನೆ. ಸತ್ತ ಅಂದುಕೊಳ್ಳುತ್ತೇವೆ. 1979ರಲ್ಲಿ 'ಬ್ಯಾಟ್‌ಮ್ಯಾನ್' ಪತ್ರಿಕೆಯಲ್ಲಿ ಮತ್ತೆ ಬರುತ್ತಾನೆ.

ಸಮುದ್ರದಲ್ಲಿ ಅಣು ಸ್ಥಾವರ ಅಂದ್ರೆ ಸ್ವಲ್ಪ ಜಾಸ್ತಿ ಆಯ್ತಲ್ವಾ?

ಇಲ್ಲ. ಆ ಕಾಲದ ಅಮೆರಿಕದಲ್ಲಿ ಅದು ಗಂಭೀರವಾದ ಯೋಜನೆ. ನ್ಯೂಜೆರ್ಸಿ ಕರಾವಳಿಯಿಂದ ಆಚೆ, ತೇಲುವ ದೊಡ್ಡ ತಳದ ಮೇಲೆ ಅಣು ಸ್ಥಾವರ ಕೂರಿಸುವುದಕ್ಕೆ 1972ರಲ್ಲಿ ಆರ್ಡರ್ ಕೂಡ ಕೊಟ್ಟಿದ್ದರು. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಕಟ್ಟಿ, ಎಳೆದು ತರುವ ಲೆಕ್ಕಾಚಾರ. 1978ರಲ್ಲಿ ಅದು ರದ್ದಾಯಿತು. ಅಂದರೆ ಈ ಕಥೆ ಅಚ್ಚಾದಾಗ ಯೋಜನೆ ಇನ್ನೂ ಕಾಗದದ ಮೇಲೆ ಜೀವಂತವಾಗಿತ್ತು. ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಪಘಾತ ಆಗಿದ್ದು 1979ರ ಮಾರ್ಚ್ 28ರಂದು. ಕಥೆ ಅದಕ್ಕಿಂತ ಎರಡು ವರ್ಷ ಮುಂಚಿನದು. ಊರಿನವರ ಭಯ ಏನು, ದುಡ್ಡು ಹಾಕುವವರ ಅವಸರ ಏನು ಎಂಬುದನ್ನು ಎಂಗಲ್‌ಹಾರ್ಟ್ ಸರಿಯಾಗಿಯೇ ಹಿಡಿದಿದ್ದರು.

ಬ್ಯಾಟ್‌ಮ್ಯಾನ್ ಬಿಟ್ಟು ಬೇರೆಯವರ ಕಥೆಯಲ್ಲಿ ಬಂದಿದ್ದಾನಾ?

ಬಂದಿದ್ದಾನೆ. ನನ್ನ ಪ್ರಕಾರ ಅವನನ್ನು ನಿಜಕ್ಕೂ ಭಯ ಹುಟ್ಟಿಸುವ ಹಾಗೆ ತೋರಿಸಿದ್ದು ಜೇಮ್ಸ್ ರಾಬಿನ್ಸನ್ ಬರೆದ 1990ರ ದಶಕದ 'ಸ್ಟಾರ್‌ಮ್ಯಾನ್' ಸರಣಿ. ಮುಂದೆ ಕಥೆಯ ಗುಟ್ಟಿದೆ, ಓದದವರು ಈ ಉತ್ತರ ದಾಟಿ ಹೋಗಿ.

ಅಲ್ಲಿ ಟೆಡ್ ನೈಟ್ ಎಂಬ ಮುದುಕ ಇದ್ದಾನೆ. ಒಂದು ಕಾಲದ ಸೂಪರ್‌ಹೀರೊ. ಈಗ ಆ ಕೆಲಸ ಮಗ ಜಾಕ್‌ನದು. ಆದರೆ ಫಾಸ್ಫರಸ್ ಎದುರಾದಾಗ ಟೆಡ್ ತಾನೇ ಹೋರಾಡಬೇಕಾಗುತ್ತದೆ. ಹೋರಾಡಿ ಗೆಲ್ಲುತ್ತಾನೆ ಕೂಡ. ಆಮೇಲೆ ಗೊತ್ತಾಗುತ್ತದೆ, ಆ ಹೊತ್ತಿನಲ್ಲಿ ಮೈಗೆ ತಗುಲಿದ ವಿಕಿರಣದಿಂದ ಅವನಿಗೆ ಕ್ಯಾನ್ಸರ್ ಬಂದಿದೆ.

ಕಾಮಿಕ್ಸ್‌ನಲ್ಲಿ ಹೊಡೆದಾಟ ಮುಗಿದ ಮೇಲೆ ಹೀರೊ ಧೂಳು ಕೊಡವಿ ಎದ್ದು ಹೋಗುತ್ತಾನೆ. ಇಲ್ಲಿ ಹಾಗಲ್ಲ. ಗೆದ್ದವನು ಮನೆಗೆ ಹೋಗುತ್ತಾನೆ, ಏಟು ಅವನ ಜೊತೆಗೇ ಹೋಗುತ್ತದೆ, ನಿಧಾನವಾಗಿ ಕೆಲಸ ಮಾಡುತ್ತದೆ. ನಿಜವಾದ ವಿಕಿರಣದ ಸ್ವಭಾವವೂ ಇದೇ. ಅಪ್ಪ ಮಗ ಆ ಸುದ್ದಿಯನ್ನು ಹೊತ್ತು ಉಳಿದ ದಿನ ಕಳೆಯುವುದನ್ನು ಓದುವಾಗ ನನಗೆ ಗಂಟಲು ಕಟ್ಟಿತ್ತು.

'ಕ್ರೀಚರ್ ಕಮಾಂಡೋಸ್' ನೋಡಿ ಬಂದೆ. ಕಾಮಿಕ್ಸ್‌ನಲ್ಲೂ ಅವನ ಕಥೆ ಹೀಗೇನಾ?

ಇಲ್ಲ, ಸಾಕಷ್ಟು ಬೇರೆ. ಇಲ್ಲೂ ಗುಟ್ಟಿದೆ, ಎಚ್ಚರ. ಜೇಮ್ಸ್ ಗನ್ ಮಾಡಿದ ಈ ಆ್ಯನಿಮೇಷನ್ ಸರಣಿ 2024ರ ಡಿಸೆಂಬರ್‌ನಲ್ಲಿ ಶುರುವಾಯಿತು. ಫಾಸ್ಫರಸ್‌ಗೆ ದನಿ ಕೊಟ್ಟವರು ಅಲನ್ ಟ್ಯೂಡಿಕ್. ಸರಣಿಯಲ್ಲಿ ಸಾರ್ಟೋರಿಯಸ್ ಕ್ಯಾನ್ಸರ್‌ಗೆ ಮದ್ದು ಹುಡುಕುತ್ತಿರುವ ಸಂಶೋಧಕ. ಹೆಂಡತಿ ಮಕ್ಕಳಿರುವ ಮನುಷ್ಯ. ಅವನ ಸಂಶೋಧನೆಗೆ ದುಡ್ಡು ಕೊಟ್ಟವನು ಇದೇ ರೂಪರ್ಟ್ ಥಾರ್ನ್. ಕೊನೆಗೆ ಅವನ ಸಂಸಾರವನ್ನು ಕೊಂದು, ಅವನನ್ನು ಅವನದೇ ಯಂತ್ರದೊಳಗೆ ಹಾಕಿಸುವವನೂ ಥಾರ್ನ್.

1977ರ ಸಾರ್ಟೋರಿಯಸ್ ಲಾಭದ ಆಸೆಗೆ ತಾನೇ ಕಾಲಿಟ್ಟವನು. 2024ರವನು ಒಳ್ಳೆಯದು ಮಾಡಲು ಹೋಗಿ ಎಲ್ಲ ಕಳೆದುಕೊಂಡವನು. ಎರಡನೆಯವನ ಮೇಲೆ ಕನಿಕರ ಬೇಗ ಬರುತ್ತದೆ. ಆದರೆ ಮೊದಲಿನವನ ಕಥೆಯೇ ನನಗೆ ಜಾಸ್ತಿ ನಿಜ ಅನ್ನಿಸುತ್ತದೆ, ಯಾಕೆಂದರೆ ಅವನ ಕೈಯಲ್ಲೂ ಸ್ವಲ್ಪ ಕೊಳೆ ಇದೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ರಂಜಕ ಮತ್ತು ಕ್ಯಾನ್ಸರ್ ಚಿಕಿತ್ಸೆಗೆ ನಿಜವಾಗಿಯೂ ನಂಟಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಲಾರೆನ್ಸ್ ಎಂಬ ವೈದ್ಯ 1936ರಲ್ಲಿ ರಕ್ತದ ಕ್ಯಾನ್ಸರ್ ಇದ್ದ ರೋಗಿಯೊಬ್ಬರಿಗೆ ವಿಕಿರಣಶೀಲ ರಂಜಕ-32 (ಈ ಸಂಖ್ಯೆ ಪರಮಾಣುವಿನ ತೂಕದ್ದು, ಕೋಷ್ಟಕದ ಸಂಖ್ಯೆಯಲ್ಲ) ಕೊಟ್ಟರು. ಮನುಷ್ಯ ತಯಾರಿಸಿದ ವಿಕಿರಣಶೀಲ ವಸ್ತುವನ್ನು ಮದ್ದಾಗಿ ಬಳಸಿದ ಮೊದಲ ಪ್ರಯತ್ನಗಳಲ್ಲಿ ಅದೂ ಒಂದು.

ನನ್ನ ಮಗನಿಗೆ ಹನ್ನೊಂದು ವರ್ಷ. ಸರಣಿ ತೋರಿಸಬಹುದಾ?

ಬೇಡ. ಕಾರ್ಟೂನ್ ಅಂತ ಕಂಡರೂ ಅದು ದೊಡ್ಡವರಿಗೆಂದೇ ಮಾಡಿದ್ದು. ರಕ್ತ, ಕೊಲೆ, ಬೈಗುಳ ಎಲ್ಲ ಇದೆ. 1977ರ ಎರಡು ಸಂಚಿಕೆಗಳನ್ನು ಜೊತೆಗೆ ಕೂತು ಓದಿ. ಹೊಸಬರು ಯಾರೇ ಆದರೂ ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

## ವಿಜ್ಞಾನದ ಪ್ರಶ್ನೆಗಳು

ರಂಜಕ ಅಂದ್ರೆ ವಿಕಿರಣಶೀಲ ವಸ್ತು ತಾನೇ?

ಅಲ್ಲ. ಎಲ್ಲಕ್ಕಿಂತ ಜಾಸ್ತಿ ಜನ ತಪ್ಪು ತಿಳಿದಿರುವುದು ಇದನ್ನೇ. ಪ್ರಕೃತಿಯಲ್ಲಿ ಸಿಗುವ ರಂಜಕ ಹೆಚ್ಚೂಕಡಿಮೆ ಎಲ್ಲವೂ ರಂಜಕ-31. ಅದು ಸ್ಥಿರ, ವಿಕಿರಣ ಸೂಸುವುದಿಲ್ಲ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 700 ಗ್ರಾಂ ರಂಜಕ ಇರುತ್ತದೆ. ಅದರಲ್ಲಿ ಸುಮಾರು ಶೇ. 85ರಷ್ಟು ಮೂಳೆ ಹಲ್ಲುಗಳಲ್ಲೇ. ಅವನನ್ನು ಹೊಳೆಯುವ ಅಸ್ಥಿಪಂಜರವಾಗಿ ಬಿಡಿಸುವುದು ಎಷ್ಟು ಸರಿಯಾಗಿ ಕೂಡಿಬಂದಿದೆ ನೋಡಿ!

ಗೊಂದಲ ಹುಟ್ಟಿದ್ದು ಹೊಳಪಿನಿಂದ. 1669ರಲ್ಲಿ ಹ್ಯಾಂಬರ್ಗ್‌ನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಕುದಿಸಿ ಕುದಿಸಿ ಬಿಳಿ ರಂಜಕ ತೆಗೆದಾಗ ಅದು ಕತ್ತಲಲ್ಲಿ ತಾನಾಗಿ ಬೆಳಗಿತು. ಫಾಸ್ಫರಸ್ ಅಂದರೆ ಗ್ರೀಕ್‌ನಲ್ಲಿ ಬೆಳಕು ಹೊತ್ತವನು. ಆದರೆ ಆ ಬೆಳಕು ಬರುವುದು ಗಾಳಿಯ ಆಮ್ಲಜನಕದ ಜೊತೆ ಅದು ಕೂಡುವುದರಿಂದ. ಅದು ರಸಾಯನದ ಆಟ, ಪರಮಾಣುವಿನ ನಡುಭಾಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಬಿಳಿ ರಂಜಕ ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೇ ಹೊತ್ತಿಕೊಳ್ಳಬಲ್ಲದು. ನಮ್ಮ ಮೈ 37 ಡಿಗ್ರಿ. ಅದಕ್ಕೇ ಅವನ ಚರ್ಮ ಉರಿಯುತ್ತಲೇ ಇರುವುದು ಲೆಕ್ಕಕ್ಕೆ ಸಿಗುತ್ತದೆ. ಒಟ್ಟಿನಲ್ಲಿ ಅವನಲ್ಲಿ ಎರಡು ಬೇರೆ ಬೇರೆ ಅಪಾಯಗಳಿವೆ: ಒಂದು ಬೆಂಕಿ, ಒಂದು ವಿಕಿರಣ. ಕಥೆ ಅವೆರಡನ್ನೂ ಒಂದೇ ಮೈಗೆ ಹೊಲಿದಿದೆ.

ಮರಳು ರಂಜಕ ಆಗೋದು ಶುದ್ಧ ಸುಳ್ಳಲ್ವಾ?

ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಸುಳ್ಳಲ್ಲ! ರಿಯಾಕ್ಟರ್‌ಗಳಲ್ಲಿ ಸಿಲಿಕಾನ್ ನಿಜವಾಗಿಯೂ ರಂಜಕವಾಗುತ್ತದೆ. ಬೇಕೆಂದೇ ಮಾಡುತ್ತಾರೆ ಕೂಡ.

ಪ್ರಕೃತಿಯ ಸಿಲಿಕಾನ್‌ನಲ್ಲಿ ಶೇ. 3ರಷ್ಟು ಸಿಲಿಕಾನ್-30 ಇರುತ್ತದೆ. ಅದಕ್ಕೆ ಒಂದು ನ್ಯೂಟ್ರಾನ್ ಸೇರಿದರೆ ಸಿಲಿಕಾನ್-31. ಇದು ನಿಲ್ಲುವುದಿಲ್ಲ. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಬದಲಾಗಲು ಹಿಡಿಯುವ ಕಾಲ, ಸುಮಾರು ಎರಡೂವರೆ ಗಂಟೆ. ಒಂದು ಎಲೆಕ್ಟ್ರಾನನ್ನು ಹೊರಗೆಸೆದು ಅದು ರಂಜಕ-31 ಆಗಿಬಿಡುತ್ತದೆ. 14 ಹೋಗಿ 15. ಕಾಮಿಕ್ಸ್ ಹೇಳಿದ ಮೆಟ್ಟಿಲೇ ಇದು.

ಶುದ್ಧ ಸಿಲಿಕಾನ್ ದಿಂಡುಗಳನ್ನು ಸಂಶೋಧನಾ ರಿಯಾಕ್ಟರ್ ಒಳಗಿಟ್ಟು, ಒಳಗೆಲ್ಲ ಒಂದೇ ಸಮನಾಗಿ ಚೂರು ಚೂರು ರಂಜಕ ಹುಟ್ಟುವ ಹಾಗೆ ಮಾಡುವ ಈ ಕೆಲಸ 1970ರ ದಶಕದಿಂದ ನಡೆದಿದೆ. ಭಾರಿ ವಿದ್ಯುತ್ ಹಾಯಿಸುವ ಸೆಮಿಕಂಡಕ್ಟರ್ ಬಿಡಿಭಾಗಗಳಿಗೆ ಇಂಥ ಸಿಲಿಕಾನ್ ಬೇಕು. ಡಾಕ್ಟರ್ ಫಾಸ್ಫರಸ್ ಹುಟ್ಟಿದ್ದೂ ಅದೇ ದಶಕದಲ್ಲಿ.

ಹಾಗಂತ ಕಥೆ ಪೂರ್ತಿ ಸರಿ ಅಂತ ಅಲ್ಲ. ಮೊದಲನೆಯದು, ಹೀಗೆ ಹುಟ್ಟುವ ರಂಜಕ ತೀರಾ ಕಡಿಮೆ. ಎರಡನೆಯದು, ಹುಟ್ಟುವುದು ಸ್ಥಿರವಾದ ರಂಜಕ-31, ಅದರಿಂದ ವಿಕಿರಣ ಬರುವುದಿಲ್ಲ. ಇನ್ನು ಅಷ್ಟು ನ್ಯೂಟ್ರಾನ್ ಬಿದ್ದ ಮನುಷ್ಯ ಖಳನಾಗುವಷ್ಟು ಕಾಲ ಬದುಕಿರುವುದಿಲ್ಲ.

ಅರ್ಧಾಯು ಲೆಕ್ಕದಲ್ಲಿ ಅವನು ಯಾವಾಗಲೋ ತಣ್ಣಗಾಗಬೇಕಿತ್ತಲ್ಲ?

ಒಳ್ಳೆಯ ಪ್ರಶ್ನೆ. ಅವನ ಮೈಯಲ್ಲಿರುವುದು ರಂಜಕ-32 ಅಂತಲೇ ಇಟ್ಟುಕೊಳ್ಳೋಣ. ಅದರ ಅರ್ಧಾಯು 14.3 ದಿನ. ಅಂದರೆ ಎರಡು ವಾರಕ್ಕೊಮ್ಮೆ ಅರ್ಧ, ಮತ್ತೆ ಅರ್ಧ. ಹತ್ತು ಸಲ ಅರ್ಧವಾದರೆ, ಅಂದರೆ 143 ದಿನಕ್ಕೆ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಐದು ತಿಂಗಳಲ್ಲಿ ಅವನ ವಿಕಿರಣ ಬಹುಪಾಲು ಕರಗಿಹೋಗಬೇಕು. 1977ರಿಂದ ಇಲ್ಲಿಯವರೆಗೆ ಉರಿಯಬೇಕಾದರೆ ಹೊಸ ರಂಜಕ ಹುಟ್ಟುತ್ತಲೇ ಇರಬೇಕು, ಅಂದರೆ ಅವನೇ ಒಂದು ನಡೆದಾಡುವ ರಿಯಾಕ್ಟರ್ ಆಗಿರಬೇಕು. ನಾನು ಅವನನ್ನು ಹಾಗೇ ಕಲ್ಪಿಸಿಕೊಳ್ಳುತ್ತೇನೆ.

ವಿಕಿರಣ ನಿಜವಾಗಿಯೂ ಹಸಿರಾಗಿ ಹೊಳೆಯುತ್ತಾ?

ವಿಕಿರಣ ಕಣ್ಣಿಗೆ ಕಾಣುವುದಿಲ್ಲ. ಹಸಿರು ನಮ್ಮ ತಲೆಗೆ ಬಂದಿದ್ದು ಹಳೆಯ ಗಡಿಯಾರಗಳಿಂದ. ಅವುಗಳ ಅಂಕಿಗಳಿಗೆ ರೇಡಿಯಂ ಬೆರೆಸಿದ ಬಣ್ಣ ಹಚ್ಚುತ್ತಿದ್ದರು. ರೇಡಿಯಂನ ವಿಕಿರಣ ತಾಗಿ ಆ ಬಣ್ಣದಲ್ಲಿದ್ದ ಸತುವಿನ ಸಲ್ಫೈಡ್ ಹಸಿರಾಗಿ ಹೊಳೆಯುತ್ತಿತ್ತು. ನೀರಿನಲ್ಲಿ ಮುಳುಗಿಸಿದ ರಿಯಾಕ್ಟರ್ ಸುತ್ತ ಕಾಣುವ ಬೆಳಕು ಮಾತ್ರ ನೀಲಿ.

ನೀಲಿ ಅಂದಾಗ ನನಗೆ ನೆನಪಾಗುವುದು ಬ್ರೆಜಿಲ್‌ನ ಗೊಯಾನಿಯಾ. 1987ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪಾಳುಬಿದ್ದ ಆಸ್ಪತ್ರೆಯೊಂದರಿಂದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ ಭಾಗ ಗುಜರಿಗೆ ಹೋಯಿತು. ಅದನ್ನು ಒಡೆದಾಗ ಒಳಗೆ ಸೀಸಿಯಂ-137 ಇದ್ದ ಪುಡಿ ಸಿಕ್ಕಿತು. ಕತ್ತಲಲ್ಲಿ ಅದು ನೀಲಿಯಾಗಿ ಹೊಳೆಯುತ್ತಿತ್ತು. ಚಂದ ಕಂಡಿತು ಅಂತ ಜನ ನೆಂಟರಿಗೆ ಹಂಚಿದರು, ಮೈಗೆ ಹಚ್ಚಿಕೊಂಡರು. 249 ಜನರ ಮೈಯಲ್ಲಿ ಅದು ಸೇರಿದ್ದು ಪತ್ತೆಯಾಯಿತು. ನಾಲ್ವರು ಸತ್ತರು, ಅವರಲ್ಲಿ ಒಂದು ಆರು ವರ್ಷದ ಹುಡುಗಿ. ಕಾಮಿಕ್ಸ್‌ನಲ್ಲಿ ಹೊಳೆಯುವವನನ್ನು ಕಂಡರೆ ಜನ ಓಡುತ್ತಾರೆ. ಅಲ್ಲಿ ಹತ್ತಿರ ಬಂದರು.

ಅವನ ಪಕ್ಕದಲ್ಲಿ ನಿಂತರೆ ನಮಗೂ ವಿಕಿರಣ ಅಂಟಿಕೊಳ್ಳುತ್ತಾ?

ಎರಡು ಸಂಗತಿ ಬೇರೆ ಮಾಡಿ ನೋಡಬೇಕು. ವಿಕಿರಣ ಮೈಮೇಲೆ ಬಿದ್ದರೆ ಏಟು ಬೀಳುತ್ತದೆ, ಆದರೆ ಆ ಏಟು ತಿಂದವರಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡವರು ವಿಕಿರಣ ಹೊರಗೆ ಬಿಡುವುದಿಲ್ಲವಲ್ಲ, ಹಾಗೆ. ವಿಕಿರಣಶೀಲ ಪುಡಿ, ಹೊಗೆ, ದ್ರವ ಮೈಗೆ ಮೆತ್ತಿದರೆ ಅಥವಾ ಉಸಿರಲ್ಲಿ ಒಳಹೋದರೆ ಮಾತ್ರ ಅದು ಜೊತೆಗೆ ಬರುತ್ತದೆ. ಡಾಕ್ಟರ್ ಫಾಸ್ಫರಸ್ ಹೊಗೆ ಕಾರುವವನು. ಹಾಗಾಗಿ ಅವನ ವಿಷಯದಲ್ಲಿ ಎರಡೂ ಅಪಾಯ ಇವೆ, ಹೊಗೆಯ ಅಪಾಯವೇ ಜಾಸ್ತಿ.

ಸೀಸದ ಕವಚ ಹಾಕ್ಕೊಂಡ್ರೆ, ಮೇಲೆ ನೀರು ಸುರಿದ್ರೆ ಮುಗೀತಲ್ವಾ?

ನೀರು ಬೆಂಕಿಗೆ ಕೆಲಸ ಮಾಡುತ್ತದೆ. ಬಿಳಿ ರಂಜಕವನ್ನು ನೀರಿನೊಳಗೇ ಮುಳುಗಿಸಿ ಇಡುತ್ತಾರೆ. ಒಣಗಿ ಗಾಳಿ ತಾಗಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಸೀಸದ ವಿಷಯ ಸ್ವಲ್ಪ ನಾಜೂಕು. ರಂಜಕ-32 ಸೂಸುವುದು ಬೀಟಾ ಕಣಗಳನ್ನು, ಅಂದರೆ ವೇಗದ ಎಲೆಕ್ಟ್ರಾನ್‌ಗಳನ್ನು. ಇವು ಸೀಸದಂಥ ಭಾರದ ಲೋಹಕ್ಕೆ ನೇರವಾಗಿ ಹೊಡೆದರೆ ಅಲ್ಲಿ ಎಕ್ಸ್‌ರೇ ಹುಟ್ಟುತ್ತದೆ. ಅದಕ್ಕೇ ಪ್ರಯೋಗಾಲಯದಲ್ಲಿ ರಂಜಕ-32 ಜೊತೆ ಕೆಲಸ ಮಾಡುವವರು ಬೆರಳು ದಪ್ಪದ ಅಕ್ರಿಲಿಕ್ ಪ್ಲಾಸ್ಟಿಕ್ ಹಲಗೆಯ ಹಿಂದೆ ನಿಲ್ಲುತ್ತಾರೆ. ಬ್ಯಾಟ್‌ಮ್ಯಾನ್‌ಗೆ ನಾನು ಸಲಹೆ ಕೊಡುವುದಾದರೆ ಹೊರಗೆ ಪ್ಲಾಸ್ಟಿಕ್, ಒಳಗೆ ಸೀಸ, ಮತ್ತು ಹೊಗೆ ಒಳಬಿಡದ ಮುಖವಾಡ.

## ಇನ್ನೂ ಆಳದ ಪ್ರಶ್ನೆಗಳು

ಹಲ್ಕ್, ಸ್ಪೈಡರ್‌ಮ್ಯಾನ್ ಎಲ್ಲರಿಗೂ ವಿಕಿರಣ ವರ ಆಯ್ತು. ಇವನಿಗೆ ಮಾತ್ರ ಯಾಕೆ ಹೀಗೆ?

ಕಾಲ ಬೇರೆ. ಪರಮಾಣುವಿನಿಂದ ಶಕ್ತಿ ಪಡೆದ ಸೂಪರ್‌ಹೀರೊ ಕ್ಯಾಪ್ಟನ್ ಆಟಂ 1960ರವನು. ಹಲ್ಕ್ ಮತ್ತು ಸ್ಪೈಡರ್‌ಮ್ಯಾನ್ ಇಬ್ಬರೂ 1962ರವರು. ಆಗ ಪರಮಾಣು ಅಂದರೆ ಭಯದ ಜೊತೆ ಬೆರಗೂ ಇತ್ತು. ಅದರಿಂದ ಏನು ಬೇಕಾದರೂ ಹುಟ್ಟಬಹುದು ಅನ್ನುವ ನಂಬಿಕೆ ಇತ್ತು. ಹಲ್ಕ್‌ನಲ್ಲಿ ನೋವಿದೆ, ಒಪ್ಪುತ್ತೇನೆ. ಆದರೆ ಅವನು ಮತ್ತೆ ಬ್ರೂಸ್ ಬ್ಯಾನರ್ ಆಗುತ್ತಾನೆ, ಉಸಿರು ಬಿಡಲು ಜಾಗ ಸಿಗುತ್ತದೆ. ಅವನು ಹುಟ್ಟಿದ್ದು ಬಾಂಬ್ ಪರೀಕ್ಷೆಯಲ್ಲಿ, ಊರಾಚೆಯ ಮರುಭೂಮಿಯಲ್ಲಿ.

1977ರ ಹೊತ್ತಿಗೆ ಅಣುಶಕ್ತಿ ಮನೆಯ ದೀಪಕ್ಕೆ ಕರೆಂಟ್ ಕೊಡುವ ವ್ಯಾಪಾರವಾಗಿತ್ತು. ಅದಕ್ಕೆ ಷೇರುದಾರರಿದ್ದರು, ರಾಜಕಾರಣಿಗಳಿದ್ದರು, ಊರಿನ ವಿರೋಧ ಇತ್ತು. ಡಾಕ್ಟರ್ ಫಾಸ್ಫರಸ್ ಆ ವ್ಯಾಪಾರದೊಳಗಿಂದ ಎದ್ದುಬಂದವನು. ಅವನನ್ನು ಮಾಡಿದ್ದು ಬಾಂಬ್ ಅಲ್ಲ, ಒಂದು ಹೂಡಿಕೆ.

ಹಾಗಾದ್ರೆ ಅವನನ್ನ ವಿಲನ್ ಅನ್ನೋದು ಸರೀನಾ? ಪಾಪ ಅಲ್ವಾ?

ಪಾಪ, ನಿಜ. ಅವನ ಮೈಗೆ ಆಗಿದ್ದಕ್ಕೆ ನನಗೂ ಸಂಕಟವಿದೆ. 1977ರ ಕಥೆಯಲ್ಲಿ ಥಾರ್ನ್‌ನಂಥವರು ಮೈಗೆ ಒಂದು ಕಿಡಿಯೂ ತಾಗದೆ ಕುರ್ಚಿಯಲ್ಲೇ ಉಳಿಯುತ್ತಾರೆ ಅನ್ನುವುದಕ್ಕೆ ಸಿಟ್ಟೂ ಇದೆ. ಅವನು ಅವರ ಮೇಲೆ ಮಾತ್ರ ತಿರುಗಿ ಬಿದ್ದಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆನೋ ಏನೋ.

ಆದರೆ ಅವನು ಕೈ ಹಾಕಿದ್ದು ಊರಿನ ಕುಡಿಯುವ ನೀರಿಗೆ. ಆ ನೀರು ಕುಡಿದವರು ಆ ಸ್ಥಾವರಕ್ಕೆ ದುಡ್ಡು ಹಾಕಿದವರಲ್ಲ. ಅದು ನಮ್ಮ ಊರಲ್ಲಿ ಬೇಡ ಅಂತ ಬೀದಿಗಿಳಿದಿದ್ದ ಜನ ಅವರು.